ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ಳೋ ಮುಂಚೆ ಒಂದು ಗಂಟೆ ಅದ್ರಲ್ಲಿ ಕೂತ್ಕೊಳ್ಳಿ

ದಿನಾ ದೂರ ಓಡಾಡೋಕೆ ಅಂತ ಹಳೇ ಕಾರ್ ನೋಡಿಕೊಂಡು ನನ್ನ ಹತ್ರ ಚೆಕ್ ಮಾಡಿಸೋಕೆ ಬರೋರಿಗೆ ನಾನು ಮೊದಲು ಕೇಳೋದು, ಎಷ್ಟು ಹೊತ್ತು ಓಡಿಸಿ ನೋಡಿದ್ರಿ ಅಂತ. ಉತ್ತರ ಹೆಚ್ಚುಕಮ್ಮಿ ಯಾವಾಗ್ಲೂ ಒಂದೇ: "ಒಂದು ರೌಂಡ್ ಹಾಕಿದ್ವಿ ಸರ್, ಸೂಪರ್ ಆಗಿದೆ." ಒಂದು ರೌಂಡ್ ಅಂದ್ರೆ ಹತ್ತು ನಿಮಿಷ, ಅದೂ ನುಣ್ಣಗಿರೋ ರಸ್ತೇಲಿ, ಎಸಿ ಫುಲ್ ಇಟ್ಟು, ಹಾಡು ಹಾಕಿ, ಪಕ್ಕದಲ್ಲಿ ಕೂತಿರೋ ಮಾರೋರು ಒಂದು ನಿಮಿಷವೂ ಬಿಡದೆ ಮಾತಾಡ್ತಾ. ದಿನಕ್ಕೆ ಎರಡು ಮೂರು ಗಂಟೆ, ವರ್ಷಗಟ್ಟಲೆ ಕೂರಬೇಕಾದ ಸೀಟನ್ನ ಹತ್ತು ನಿಮಿಷದಲ್ಲಿ ಓಕೆ ಮಾಡಿ ಅಡ್ವಾನ್ಸ್ ಕೊಟ್ಟು ಬಂದುಬಿಟ್ಟಿರ್ತಾರೆ. ನನಗೆ ಇದು ನಿಜಕ್ಕೂ ಸಂಕಟ ಆಗುತ್ತೆ, ಯಾಕಂದ್ರೆ ಬರೋರೆಲ್ಲ ಒಳ್ಳೇ ಜನ, ಮನೆಯವರಿಗೆ ಅನುಕೂಲ ಆಗ್ಲಿ ಅಂತ ಕೂಡಿಟ್ಟ ದುಡ್ಡು ಅದು.

ಕಾಗದಪತ್ರ, ಆಕ್ಸಿಡೆಂಟ್ ಆಗಿದ್ಯಾ, ನೀರಲ್ಲಿ ಮುಳುಗಿತ್ತಾ, ಇಂಜಿನ್ ಹೊಗೆ ಬಿಡುತ್ತಾ, ಇವನ್ನೆಲ್ಲ ಇಲ್ಲಿ ಬರೆಯಲ್ಲ. ಅದನ್ನ ಯಾವ ಒಳ್ಳೇ ಮೆಕ್ಯಾನಿಕ್ ಬೇಕಾದ್ರೂ ನೋಡಿ ಹೇಳ್ತಾರೆ. ಆದ್ರೆ ಕಂಫರ್ಟ್ ಇದೆಯಾ ಅನ್ನೋದನ್ನ ನಿಮ್ಮ ಪರವಾಗಿ ಬೇರೆ ಯಾರೂ ನೋಡಿ ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ, ನನ್ನ ಬೆನ್ನು ಬೇರೆ ನಿಮ್ಮ ಬೆನ್ನು ಬೇರೆ.

ಜನ ಎಡವೋದು ಎಲ್ಲಿ ಅಂದ್ರೆ, ರಿವ್ಯೂ ನೋಡಿ ಬರ್ತಾರೆ, "ಈ ಮಾಡೆಲ್ ರೈಡ್ ಕ್ವಾಲಿಟಿ ತುಂಬಾ ಚೆನ್ನಾಗಿದೆ ಅಂತೆ ಸರ್" ಅಂತಾರೆ. ಇತ್ತು, ಹೊಸದ್ರಲ್ಲಿ ಇತ್ತು. ನೀವು ತಗೊಳ್ತಿರೋದು ಆ ಮಾಡೆಲ್ ಅಲ್ಲ, ಎಂಟು ವರ್ಷ ಓಡಿರೋ ಈ ಒಂದು ಗಾಡಿ. ಕಾರಿನ ಸುಖದಲ್ಲಿ ಹೆಚ್ಚಿನ ಪಾಲು ಇರೋದು ಸವೆಯೋ ವಸ್ತುಗಳಲ್ಲಿ, ಸೀಟಿನ ಫೋಮ್, ಸಸ್ಪೆನ್ಶನ್ನಿನ ಕೀಲುಗಳಲ್ಲಿ ಮೆತ್ತೆ ತರ ಇರೋ ರಬ್ಬರ್ ಬುಶ್‌ಗಳು, ಶಾಕ್ ಅಬ್ಸಾರ್ಬರ್ ಒಳಗಿನ ಆಯಿಲ್ಲು, ಇಂಜಿನ್ ಅದುರು ತಡೆಯೋ ಮೌಂಟು, ಟೈರು, ಬಾಗಿಲಿನ ಅಂಚಿನ ರಬ್ಬರ್ ಬೀಡಿಂಗು. ಇವೆಲ್ಲ ಒಂದೇ ದಿನ ಹಾಳಾಗಲ್ಲ, ದಿನಾ ಸ್ವಲ್ಪ ಸ್ವಲ್ಪ ಹೋಗ್ತಾ ಇರುತ್ತೆ, ಅದಕ್ಕೇ ಓಡಿಸ್ತಿರೋ ಓನರ್‌ಗೇ ಗೊತ್ತಾಗಲ್ಲ. ಅವರು "ಗಾಡಿ ಚೆನ್ನಾಗಿದೆ" ಅಂದ್ರೆ ಸುಳ್ಳು ಹೇಳ್ತಿದ್ದಾರೆ ಅಂತ ಅಲ್ಲ, ಅವರ ಮೈ ಅದಕ್ಕೆ ಒಗ್ಗಿ ಹೋಗಿರುತ್ತೆ ಅಷ್ಟೇ.

ಸೀಟಿನ ವಿಷಯಕ್ಕೆ ಬರ್ತೀನಿ. ಮೊದಲು ಪಕ್ಕದ ಪ್ಯಾಸೆಂಜರ್ ಸೀಟಲ್ಲಿ ಐದು ನಿಮಿಷ ಕೂತ್ಕೊಳ್ಳಿ, ಆಮೇಲೆ ಡ್ರೈವರ್ ಸೀಟಿಗೆ ಬನ್ನಿ. ಪ್ಯಾಸೆಂಜರ್ ಸೀಟು ಅಷ್ಟಾಗಿ ಬಳಕೆ ಆಗಿರಲ್ಲ, ಹಾಗಾಗಿ ಹೊಸದ್ರಲ್ಲಿ ಸೀಟು ಹೇಗಿತ್ತು ಅಂತ ಅಂದಾಜು ಅಲ್ಲೇ ಸಿಗುತ್ತೆ. ಈಗ ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚನ್ನ ಅಂಗೈಯಿಂದ ಒತ್ತಿ ನೋಡಿ, ಹತ್ತಿ ಇಳಿದು ಹತ್ತಿ ಇಳಿದು ಮೊದಲು ಕುಸಿಯೋದು ಆ ಅಂಚೇ. ಒಂದು ಕಡೆ ಫೋಮ್ ಕುಸಿದಿದ್ರೆ ಸೊಂಟ ಆ ಕಡೆ ವಾಲುತ್ತೆ, ಕಣ್ಣಿಗೆ ಕಾಣಲ್ಲ, ಹತ್ತು ನಿಮಿಷಕ್ಕೆ ಗೊತ್ತೂ ಆಗಲ್ಲ, ಮುಕ್ಕಾಲು ಗಂಟೆ ಆದ್ಮೇಲೆ ಸೊಂಟದ ಒಂದು ಪಕ್ಕ ಸಣ್ಣಗೆ ಹಿಡ್ಕೊಳ್ಳೋಕೆ ಶುರುವಾಗುತ್ತೆ. ಮೇಲೆ ಹೊಸ ಸೀಟ್ ಕವರ್ ಹಾಕಿದ್ರೆ ಇನ್ನೂ ಹುಷಾರಾಗಿರಿ, ಕವರ್ ಹೊಸದಾದ್ರೆ ಫೋಮ್ ಹೊಸದಾಗಲ್ಲ. ಮತ್ತೆ ಮೆತ್ತಗಿರೋ ಸೀಟು ಒಳ್ಳೇದು ಅನ್ನೋ ನಂಬಿಕೆ ಇದೆಯಲ್ಲ, "ಸೋಫಾ ತರ ಇದೆ ಸರ್" ಅಂತ ಖುಷಿಯಾಗಿ ಹೇಳ್ತಾರೆ, ದೂರ ಓಡಿಸೋರಿಗೆ ಬೇಕಾಗಿರೋದು ಮೆತ್ತಗಿರೋದಕ್ಕಿಂತ ಹೆಚ್ಚಾಗಿ ಆಸರೆ. ತೊಡೆ ಅಡಿಗೆ ಸೀಟು ತಾಕಬೇಕು, ಸೊಂಟದ ಒಳಬಾಗಿರೋ ಭಾಗಕ್ಕೆ ಬೆಂಬಲ ಸಿಗಬೇಕು, ಕ್ಲಚ್ ಪೂರ್ತಿ ಒತ್ತಿದಾಗ್ಲೂ ಮಂಡಿ ಸ್ವಲ್ಪ ಮಡಚಿರಬೇಕು, ಸ್ಟೇರಿಂಗ್ ಹಿಡಿಯೋಕೆ ಭುಜ ಮುಂದೆ ಎಳ್ಕೋಬಾರದು. ಉದ್ದ ಇರೋರಿಗೆ ಸೆಟ್ ಆದ ಗಾಡಿ ಗಿಡ್ಡ ಇರೋರಿಗೆ ಆಗದೇ ಇರಬಹುದು, ಅದಕ್ಕೇ ದಿನಾ ಯಾರು ಓಡಿಸ್ತಾರೋ ಅವರೇ ಬಂದು ಕೂರಬೇಕು.

ಒಂದ್ಸಲ ಗಂಡ ಹೆಂಡತಿ ಇಬ್ರೂ ಬಂದಿದ್ರು, ಕಾರ್ ತಗೊಂಡು ಸ್ವಲ್ಪ ದಿನ ಆಗಿತ್ತು. ಗಾಡಿ ದಿನಾ ಓಡಿಸೋದು ಹೆಂಡತಿ, ಆಫೀಸು ದೂರ. "ಸರ್, ಗಾಡಿ ತುಂಬಾ ಎತ್ತಾಕುತ್ತೆ, ಮನೆಗೆ ಬರೋಷ್ಟರಲ್ಲಿ ಕತ್ತು ಸೊಂಟ ಎಲ್ಲ ನೋವು" ಅಂದ್ರು. ಗಂಡ "ಇದು ಒಳ್ಳೇ ಗಾಡಿ ಸರ್, ಎಲ್ರೂ ಹೊಗಳ್ತಾರೆ, ಇವಳಿಗೆ ಅಭ್ಯಾಸ ಇಲ್ಲ" ಅಂದ್ರು. ನಾನು ಡ್ರೈವರ್ ಬಾಗಿಲು ತೆಗೆದು ಅಲ್ಲಿರೋ ಸ್ಟಿಕ್ಕರ್ ತೋರಿಸಿದೆ, ಕಂಪನಿ ಕೊಟ್ಟಿರೋ ಟೈರ್ ಸೈಜು 195/65 ಆರ್15. ಗಾಡೀಲಿ ಇದ್ದದ್ದು 205/50 ಆರ್17, ಹಳೇ ಓನರ್ ನೋಡೋಕೆ ಚೆನ್ನಾಗಿರ್ಲಿ ಅಂತ ದೊಡ್ಡ ಅಲಾಯ್ ಚಕ್ರ ಹಾಕಿಸಿದ್ರು. ಲೆಕ್ಕ ಸುಲಭ, ಮೊದಲ ನಂಬರು ಟೈರಿನ ಅಗಲ ಮಿಲಿಮೀಟರಲ್ಲಿ, ಎರಡನೇದು ಆ ಅಗಲದ ಶೇಕಡಾ ಎಷ್ಟು ಟೈರಿನ ಪಕ್ಕದ ಗೋಡೆ ಎತ್ತರ ಅಂತ. ಮೊದಲಿದ್ದದ್ದು ಸುಮಾರು 127 ಮಿಮೀ, ಈಗಿರೋದು ಸುಮಾರು 102. ಹಳ್ಳಕ್ಕೆ ಬಿದ್ದಾಗ ಮೊದಲ ಪೆಟ್ಟು ತಗೊಳ್ಳೋ ರಬ್ಬರ್ರೇ ಹತ್ತಿರ ಹತ್ತಿರ ಎರಡೂವರೆ ಸೆಂಟಿಮೀಟರ್ ಕಮ್ಮಿ ಆಗಿದೆ, ಆ ಪೆಟ್ಟು ನೇರ ಸೀಟಿಗೆ ಬರುತ್ತೆ. ಕಂಪನಿ ಸೈಜಿಗೆ ವಾಪಸ್ ಹೋದ್ಮೇಲೆ ಮುಕ್ಕಾಲು ಪಾಲು ತೊಂದರೆ ಹೋಯ್ತು, ಉಳಿದಿದ್ದು ಹಿಂದಿನ ಬುಶ್ಶು. ಆ ಮೇಡಂಗೆ ಅಭ್ಯಾಸ ಇಲ್ಲದೇ ಇದ್ದದ್ದಲ್ಲ, ಅವರು ಹೇಳಿದ್ದು ಸರಿಯಾಗೇ ಇತ್ತು. ಹಾಗೇ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಕೋಡ್ ಇರುತ್ತೆ, 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಗ್ರಿಪ್ ಚೆನ್ನಾಗಿ ಕಾಣ್ತಿದ್ರೂ ತುಂಬಾ ವರ್ಷ ಆಗಿದ್ರೆ ರಬ್ಬರ್ ಗಟ್ಟಿಯಾಗಿರುತ್ತೆ, ಸದ್ದೂ ಜಾಸ್ತಿ.

ಸರಿ, ಆ ಒಂದು ಗಂಟೇಲಿ ಏನು ಮಾಡ್ಬೇಕು? ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ನೆರಳಲ್ಲಿ ನಿಂತಿದ್ರೂ ಬಿಸಿ ಇದ್ರೆ ಆಗ್ಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ತಣ್ಣಗಿರೋ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅಂತ ನೋಡೋ ಅವಕಾಶ ಹೋಯ್ತು, ಇನ್ನೊಂದು ದಿನ ಬರ್ತೀನಿ ಅನ್ನಿ. ಹಾಡು ಆಫ್ ಮಾಡಿ. ಆಮೇಲೆ ನೀವು ದಿನಾ ಹೋಗೋ ತರದ ರಸ್ತೆಗೇ ಹೋಗಿ, ಜಾಮ್ ಇದ್ರೆ ಜಾಮಿಗೆ, ಹೈವೇ ಇದ್ರೆ ಹೈವೇಗೆ, ಹಳ್ಳ ಇದ್ರೆ ಹಳ್ಳಕ್ಕೆ. ಜಾಮಲ್ಲಿ ಕ್ಲಚ್ ಎಷ್ಟು ಗಟ್ಟಿ ಇದೆ ಅಂತ ಇಪ್ಪತ್ತನೇ ಸಲ ಒತ್ತಿದಾಗ ಕಾಲು ಹೇಳುತ್ತೆ, ಮೊದಲ ಸಲ ಹೇಳಲ್ಲ. ಆಟೋಮ್ಯಾಟಿಕ್ ಆದ್ರೆ ತೆವಳಿಕೊಂಡು ಹೋಗುವಾಗ ನಡುಗುತ್ತಾ, ಜರ್ಕ್ ಹೊಡೆಯುತ್ತಾ ಗಮನಿಸಿ. ನಿಂತ ಗಾಡೀಲಿ ಎಸಿ ತಂಪು ಹಾಗೇ ಉಳಿಯುತ್ತಾ ನೋಡಿ. ಹೈವೇಲಿ ಸ್ಪೀಡ್ ಲಿಮಿಟ್ ಒಳಗೇ 80ರಿಂದ 100ರ ನಡುವೆ ಸ್ವಲ್ಪ ಹೊತ್ತು ಒಂದೇ ಸಮ ಓಡಿಸಿ, ಸ್ಟೇರಿಂಗ್ ಸಣ್ಣಗೆ ಅದುರಿದ್ರೆ ವೀಲ್ ಬ್ಯಾಲೆನ್ಸಿಂಗ್ ತಪ್ಪಿರಬಹುದು, ಅದು ಸಣ್ಣ ಕೆಲಸ, ಆದ್ರೆ ಬೇರೆ ಕಾರಣವೂ ಇರಬಹುದು, ತೋರಿಸಿಯೇ ತೀರ್ಮಾನ ಮಾಡಿ. ಗುಂಯ್ ಅನ್ನೋ ಸದ್ದು ಸ್ಪೀಡ್ ಜೊತೆ ಏರ್ತಾ ಇದ್ದು, ತಿರುವಲ್ಲಿ ಬದಲಾಗ್ತಿದ್ರೆ ವೀಲ್ ಬೇರಿಂಗ್ ಅನುಮಾನ. ಇಂಥ ಸದ್ದು ಹತ್ತು ನಿಮಿಷಕ್ಕೆ ಪರವಾಗಿಲ್ಲ ಅನ್ಸುತ್ತೆ, ದಿನಾ ಕೇಳಿದ್ರೆ ತಲೆನೋವು. ಅರ್ಧ ದಾರೀಲಿ ಸೀಟ್ ಬದಲಾಯಿಸಿ ನೀವು ಹಿಂದೆ ಕೂತ್ಕೊಳ್ಳಿ, ಮಕ್ಕಳು, ವಯಸ್ಸಾದೋರು ಕೂರೋದು ಅಲ್ಲೇ, ಹಿಂದಿನ ಸಸ್ಪೆನ್ಶನ್ ಕಥೆ ಗೊತ್ತಾಗೋದೂ ಅಲ್ಲೇ.

ಇನ್ನು ಓಡೋಮೀಟರ್. ಕಮ್ಮಿ ಓಡಿದೆ ಅಂತ ಬೇರೆಲ್ಲ ಮಾಫಿ ಮಾಡ್ಬಿಡ್ತಾರೆ. ಒಂದು ಕಡೆಗೆ 45 ಕಿಲೋಮೀಟರ್ ಇದ್ರೆ, ವರ್ಷಕ್ಕೆ 250 ದಿನ ಅಂತ ಹಿಡಿದ್ರೂ ನೀವು 22,500 ಓಡಿಸ್ತೀರ. ಅಂದ್ರೆ ಎರಡು ಗಾಡಿ ನಡುವೆ ಇರೋ 20,000 ಕಿಲೋಮೀಟರ್ ವ್ಯತ್ಯಾಸ ನಿಮ್ಮ ಕೈಯಲ್ಲಿ ಒಂದು ವರ್ಷದೊಳಗೆ ಮುಗಿದು ಹೋಗುತ್ತೆ, ಆದ್ರೆ ಸರಿಯಿಲ್ಲದ ಸೀಟು ಮಾರೋವರೆಗೂ ಜೊತೇಲೇ ಇರುತ್ತೆ. ವರ್ಷಗಟ್ಟಲೆ ನಿಂತೇ ಇದ್ದ ಗಾಡೀಲಿ ಬ್ಯಾಟರಿ, ರಬ್ಬರ್ ಸೀಲು, ಬ್ರೇಕ್ ಎಲ್ಲ ಕೂತಲ್ಲೇ ಹಾಳಾಗಿರಬಹುದು. ಸರ್ವಿಸ್ ದಾಖಲೆ ಸರಿಯಾಗಿರೋ, ಹೈವೇಲಿ ಹೆಚ್ಚು ಓಡಿರೋ ಗಾಡಿಯನ್ನ ಬರೀ ನಂಬರ್ ನೋಡಿ ಬಿಡಬೇಡಿ. ಡೀಸೆಲ್ ಯೋಚನೆ ಇದ್ರೆ ಒಂದು ಮಾತು, ಡಿಪಿಎಫ್ (ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್) ಇರೋ ಗಾಡಿಗಳು ಆಗಾಗ ಬಿಸಿಯಾಗಿ ಒಂದೇ ಸಮ ಓಡಬೇಕು, ಇಲ್ಲಾಂದ್ರೆ ಆ ಫಿಲ್ಟರ್ ಮಸಿ ತುಂಬಿಕೊಳ್ಳುತ್ತೆ, ನಿಮ್ಮ ದಾರಿ ದೂರ ಇದ್ರೂ ಪೂರ್ತಿ ಜಾಮೇ ಆಗಿದ್ರೆ ಪೆಟ್ರೋಲೇ ವಾಸಿ.

ಸಸ್ಪೆನ್ಶನ್ ಹೋಗಿದೆ ಅಂದ ತಕ್ಷಣ ಗಾಡಿ ಬೇಡ ಅಂತ ಅಲ್ಲ. ಬುಶ್ಶು, ಶಾಕ್ ಅಬ್ಸಾರ್ಬರ್, ಟೈರು ಎಲ್ಲ ಬದಲಾಯಿಸೋಕೆ ಆಗೋ ವಸ್ತುಗಳೇ, ಖರ್ಚು ಎಷ್ಟು ಅಂತ ಮೊದಲೇ ಬರೆಸಿಕೊಂಡು ಬೆಲೇಲಿ ಕಳೀರಿ. ಬದಲಾಯಿಸೋಕೆ ಆಗದೇ ಇರೋದು ಕೂರೋ ಭಂಗಿ, ಸ್ಟೇರಿಂಗು ಪೆಡಲ್ಲು ಇರೋ ಜಾಗ, ಅದು ಹೊಂದಲಿಲ್ಲ ಅಂದ್ರೆ ಎಷ್ಟೇ ಚೆನ್ನಾಗಿರೋ ಗಾಡಿ ಆದ್ರೂ ಬಿಟ್ಟುಬಿಡಿ.

"ಒಂದು ಗಂಟೆ ಕೊಡಲ್ಲ ಅಂದ್ರೆ ಏನ್ ಮಾಡೋದು ಸರ್" ಅಂತ ಕೇಳ್ತಾರೆ. ಮಾರೋರಿಗೂ ಭಯ ಇರುತ್ತೆ, ಗೊತ್ತಿಲ್ಲದೋರ ಕೈಗೆ ಗಾಡಿ ಕೊಡೋದು ಸುಲಭ ಅಲ್ಲ. ಅವರನ್ನೇ ಜೊತೇಲಿ ಕರ್ಕೊಂಡು ಹೋಗಿ, ಪೆಟ್ರೋಲ್ ನೀವೇ ಹಾಕ್ಸಿ, ನಿಮ್ಮ ಲೈಸೆನ್ಸ್ ತೋರಿಸಿ, ಇನ್ಶೂರೆನ್ಸ್ ಚಾಲ್ತೀಲಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಇಷ್ಟು ಹೇಳಿದ್ಮೇಲೂ ಹತ್ತೇ ನಿಮಿಷ ಅಂದ್ರೆ ಅಡ್ವಾನ್ಸ್ ಕೊಡದೆ ವಾಪಸ್ ಬನ್ನಿ, ಬೇರೆ ಗಾಡಿ ಸಿಗುತ್ತೆ.