240 ಸಾಕಾ, 360 ಬೇಕಾ? ರೇಡಿಯೇಟರ್ ಅಳತೆಯ ಲೆಕ್ಕ

ಗೇಮಿಂಗ್ ಪಿಸಿಗೆ ವಾಟರ್ ಕೂಲಿಂಗ್ ಕೇಳಿಕೊಂಡು ಬರುವವರಲ್ಲಿ ತುಂಬಾ ಜನ "360 ಹಾಕಿಬಿಡಿ" ಅಂತಲೇ (360 ಅಂದರೆ 120 ಮಿ.ಮೀ.ನ ಮೂರು ಫ್ಯಾನ್ ಕೂರುವ ರೇಡಿಯೇಟರ್, 240 ಅಂದರೆ ಎರಡು ಫ್ಯಾನಿನದು) ಮಾತು ಶುರು ಮಾಡುತ್ತಾರೆ. ಯಾಕೆ ಅಂದರೆ, ಕ್ಯಾಬಿನೆಟ್‌ನಲ್ಲಿ ಅಷ್ಟು ಜಾಗ ಇದೆಯಲ್ಲ ಅನ್ನುತ್ತಾರೆ. ನಾನು ಕೇಳುವುದೇ ಬೇರೆ. ಗೇಮ್ ಆಡುವಾಗ ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತದೆ? ಗ್ರಾಫಿಕ್ಸ್ ಕಾರ್ಡಿಗೂ ನೀರು ಹರಿಸುತ್ತೀರಾ? ಏಪ್ರಿಲ್ ಮಧ್ಯಾಹ್ನ ನಿಮ್ಮ ರೂಮು ಎಷ್ಟು ಕಾಯುತ್ತದೆ?

ರೇಡಿಯೇಟರ್‌ಗೆ ಇರುವುದು ಒಂದೇ ಕೆಲಸ. ನೀರಿನ ಬಿಸಿಯನ್ನು ರೂಮಿನ ಗಾಳಿಗೆ ದಾಟಿಸುವುದು. ನಾವು ಬಿಲ್ಡ್ ಮಾಡುವವರು ಬಳಸುವ ಅಂದಾಜು ಹೀಗಿದೆ: ಫ್ಯಾನ್ ಮಧ್ಯಮ ವೇಗದಲ್ಲಿ ತಿರುಗುತ್ತಿದ್ದರೆ, ನೀರು ರೂಮಿಗಿಂತ 10 ಡಿಗ್ರಿ ಬಿಸಿ ಇರುವಾಗ, 120 ಮಿ.ಮೀ.ನ ಒಂದೊಂದು ಭಾಗ ಸುಮಾರು 100 ವ್ಯಾಟ್ ಹೊರಹಾಕುತ್ತದೆ. ಇದು ಬರೀ ಅಂದಾಜು, ಆದರೆ ತೀರ್ಮಾನ ಮಾಡೋಕೆ ಸಾಕು.

ಎಎಂಡಿಯ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ತಗೊಳ್ಳಿ. ಗೇಮ್ ಆಡುವಾಗ ಅದು ಎಳೆಯುವುದು ಹೆಚ್ಚೆಂದರೆ 80 ವ್ಯಾಟ್ ಆಸುಪಾಸು. 240 ರೇಡಿಯೇಟರ್ ಹಾಕಿದರೆ ನೀರು ರೂಮಿಗಿಂತ 4 ಡಿಗ್ರಿ ಏರುತ್ತದೆ, 360 ಹಾಕಿದರೆ 2.7. ಅಂದರೆ ಅಷ್ಟು ದುಡ್ಡು ಜಾಸ್ತಿ ಕೊಟ್ಟಿದ್ದಕ್ಕೆ ಸಿಕ್ಕಿದ್ದು ಒಂದು ಚಿಲ್ಲರೆ ಡಿಗ್ರಿ! ಆದರೂ ಚಿಪ್ 75 ಡಿಗ್ರಿ ತೋರಿಸುತ್ತಿದೆ ಅಂತ ಗಾಬರಿಯಾಗಿ 420ರ (140ರ ಮೂರು ಫ್ಯಾನಿನದು) ರೇಟು ವಿಚಾರಿಸುವವರಿದ್ದಾರೆ. ಬಿಸಿ ಸಿಕ್ಕಿಹಾಕಿಕೊಳ್ಳುವುದು ರೇಡಿಯೇಟರ್‌ನಲ್ಲಿ ಅಲ್ಲ. ಕೋರ್‌ಗಳಿರುವ ಆ ತುಂಡಿನ ವಿಸ್ತೀರ್ಣ ಸುಮಾರು 70 ಚದರ ಮಿ.ಮೀ., ಅದರ ಮೇಲೆ ಇನ್ನೊಂದು ಕ್ಯಾಶ್ (ಮೆಮೊರಿ) ಪದರ, ಅದರ ಮೇಲೆ ಲೋಹದ ಮುಚ್ಚಳ, ಇಷ್ಟೆಲ್ಲ ದಾಟಿಕೊಂಡು ಬಿಸಿ ನೀರಿಗೆ ಬರಬೇಕು. ರೇಡಿಯೇಟರ್ ಎಷ್ಟೇ ದೊಡ್ಡದು ಹಾಕಿದರೂ ಆ ದಾರಿ ಅಗಲ ಆಗುವುದಿಲ್ಲ. ಆ ಚಿಪ್‌ಗೆ ಎಎಂಡಿ ಕೊಟ್ಟಿರುವ ಮಿತಿ 89 ಡಿಗ್ರಿ, ಹಾಗಾಗಿ 75ಕ್ಕೆ ಹೆದರಬೇಕಾಗಿಲ್ಲ. ಇಂಥವರಿಗೆ ನಾನು 240 ಹೇಳುತ್ತೇನೆ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಗೇಮ್‌ನಲ್ಲಿ ಫಲ ಕಾಣುತ್ತದೆ.

ಕೋರ್ ಐ9 14900ಕೆ ಕಥೆ ಬೇರೆ. ಇಂಟೆಲ್ ಮಿತಿಯಲ್ಲೇ ಓಡಿಸಿದರೂ ಪೂರ್ತಿ ಲೋಡ್‌ಗೆ 253 ವ್ಯಾಟ್ ಎಳೆಯುತ್ತದೆ. ಗೇಮ್ ಜೊತೆಗೆ ವಿಡಿಯೊ ರೆಂಡರ್ ಮಾಡುವವರಾದರೆ 240ರಲ್ಲಿ ನೀರು 12-13 ಡಿಗ್ರಿ ಏರುತ್ತದೆ, 360ರಲ್ಲಿ 8 ಚಿಲ್ಲರೆ. ಇಲ್ಲಿ 360 ಹಾಕಿದ್ದು ಸಾರ್ಥಕ. ಫ್ಯಾನ್ ಸದ್ದು ಇಳಿಸೋಕೂ ಅವಕಾಶ ಸಿಗುತ್ತದೆ.

ಈ ಎರಡರ ನಡುವೆ 280 ಅಂತ ಒಂದಿದೆ, ಅದನ್ನು ಯಾರೂ ಕೇಳುವುದೇ ಇಲ್ಲ, ನನಗಂತೂ ಅದು ಇಷ್ಟ. 140ರ ಎರಡು ಫ್ಯಾನ್ ಕೂರುವುದರಿಂದ 240ಕ್ಕಿಂತ ಶೇಕಡಾ 36ರಷ್ಟು ಜಾಸ್ತಿ ವಿಸ್ತೀರ್ಣ ಸಿಗುತ್ತದೆ. 360 ಇದಕ್ಕಿಂತ ಬರೀ ಶೇಕಡಾ 10ರಷ್ಟು ದೊಡ್ಡದು.

ಗ್ರಾಫಿಕ್ಸ್ ಕಾರ್ಡ್ ನೀರು ಸುತ್ತುವ ಲೂಪ್‌ಗೆ ಸೇರಿದರೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಆರ್‌ಟಿಎಕ್ಸ್ 4090 ಒಂದೇ 450 ವ್ಯಾಟ್, 5090 ಆದರೆ 575. ಪ್ರೊಸೆಸರ್‌ನ 80 ಸೇರಿಸಿ, 100ರಿಂದ ಭಾಗಿಸಿ, 120ರ ಎಷ್ಟು ಭಾಗ ಬೇಕು ಅನ್ನುವ ಅಂದಾಜು ಸಿಗುತ್ತದೆ. 4090ಕ್ಕೆ 360 ಮತ್ತು 240 ಜೋಡಿ, 5090ಕ್ಕೆ ಎರಡು 360, ಇದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ. ಇಲ್ಲಿ ಚಿಪ್ ದೊಡ್ಡದು, ಮೇಲೆ ಮುಚ್ಚಳವೂ ಇಲ್ಲ. ಹಾಗಾಗಿ ನೀರು ಎಷ್ಟು ತಣ್ಣಗಾಗುತ್ತದೋ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಾಗುತ್ತದೆ.

ಇನ್ನು ರೂಮಿನ ವಿಷಯ. ಎಷ್ಟೇ ದೊಡ್ಡ ರೇಡಿಯೇಟರ್ ಹಾಕಿದರೂ ನೀರು ರೂಮಿನ ಗಾಳಿಗಿಂತ ತಣ್ಣಗಾಗುವುದಿಲ್ಲ. ಎಸಿ ಇರುವ 26 ಡಿಗ್ರಿ ರೂಮಲ್ಲಿ 36ಕ್ಕೆ ನಿಲ್ಲುವ ನೀರು, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ರೂಮಿದ್ದರೆ 50 ಮುಟ್ಟುತ್ತದೆ. ಲೂಪ್‌ಗಳಲ್ಲಿ ಜಾಸ್ತಿ ಬಳಸುವ ಡಿ5 ಪಂಪ್‌ಗೆ 60 ಡಿಗ್ರಿ ಮಿತಿ. ಅಲ್ಲಿ ರೇಡಿಯೇಟರ್ ಡಬಲ್ ಮಾಡಿದರೂ ಇಳಿಯುವುದು 5 ಡಿಗ್ರಿ. ಆ ಊರಿನವರಿಗೆ ನಾನು ಮೊದಲು ಹೇಳುವುದು ಕಾರ್ಡಿನ ಪವರ್ ಲಿಮಿಟ್ ಸ್ವಲ್ಪ ಇಳಿಸಿ ಅಂತ. ಫ್ರೇಮ್ ಹೆಚ್ಚೇನೂ ಬೀಳುವುದಿಲ್ಲ, ಬಿಸಿ ಮಾತ್ರ ಚೆನ್ನಾಗಿ ಕಡಿಮೆಯಾಗುತ್ತದೆ.

ಲೆಕ್ಕ ಆದ ಮೇಲೆ ಟೇಪ್ ಹಿಡಿಯಿರಿ. ಸಾಮಾನ್ಯ ಏಐಒ (ಪಂಪ್, ಪೈಪ್ ಎಲ್ಲ ಸೇರಿ ರೆಡಿಯಾಗಿ ಬರುವ ಸೆಟ್) ರೇಡಿಯೇಟರ್ ದಪ್ಪ 27 ಮಿ.ಮೀ., ಫ್ಯಾನ್ 25, ಒಟ್ಟು 52. ಕ್ಯಾಬಿನೆಟ್ ಬಾಕ್ಸ್ ಮೇಲೆ "360 ಸಪೋರ್ಟ್" ಅಂತ ಬರೆದಿದ್ದರೂ, ಉದ್ದನೆಯ ರ‍್ಯಾಮ್ ಹಾಕಿದ್ದರೆ ಮೇಲ್ಗಡೆ ಫ್ಯಾನ್ ತಾಗಬಹುದು. ಉದ್ದವನ್ನೂ ನೋಡಿ, 360 ಅನ್ನುವುದು ಫ್ಯಾನ್‌ಗಳ ಅಳತೆ. ಎರಡೂ ಕಡೆ ಟ್ಯಾಂಕ್ ಸೇರಿದರೆ ರೇಡಿಯೇಟರ್ 390 ದಾಟುತ್ತದೆ.