ಸ್ಟಿಕ್ಕರ್ ರಂಗೋಲಿಯಂಥ ರಸ್ತೆ

ಸಾತಾರಾ ಕಡೆಯ ಒಂದು ರಸ್ತೆ ಕೆಲಸ. ಬೇರೆ ಯಾರೋ ಮಾಡಿದ ಡಿಸೈನ್ ಫೈಲು ಪುಣೆಯ ನಮ್ಮ ಆಫೀಸಿಗೆ ಬಂದಿತ್ತು. ಒಂದು ಹಳೇ ಆಲದ ಮರ ಉಳಿಯಬೇಕು, ಅದಕ್ಕೆ ರಸ್ತೆಯ ನಡುಗೆರೆಯನ್ನು ಎರಡು ಮೀಟರ್ ಪಕ್ಕಕ್ಕೆ ಸರಿಸಬೇಕು, ಇಷ್ಟೇ. "ಚಹಾ ಬರೋದ್ರೊಳಗೆ ಮುಗಿಸ್ತೀನಿ ಸರ್" ಅಂದೆ. ನೇರಗೆರೆ ಹಿಡಿದು ಎಳೆದೆ. ಗೆರೆ ಬಂತು. ಅದಕ್ಕೆ ಅಂಟಿಕೊಂಡಿದ್ದ ತಿರುವು ಮಾತ್ರ ಇದ್ದಲ್ಲೇ ಕೂತಿತ್ತು, ನಡುವೆ ಎರಡು ಮೀಟರ್ ಖಾಲಿ!

ಕೊಥ್ರೂಡಿನ ನಮ್ಮ ಫ್ಲ್ಯಾಟಿನಲ್ಲಿ ಅವ್ವ ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಾಳೆ. ಎದುರು ಮನೆಯವರದು ಅಂಗಡಿಯಿಂದ ತಂದ ಸ್ಟಿಕ್ಕರ್. ದೂರದಿಂದ ನೋಡಿದರೆ ಎರಡೂ ಒಂದೇ. ಒಂದು ಸಾಲು ಜಾಸ್ತಿ ಮಾಡಬೇಕೆಂದರೆ ಅವ್ವ ಚುಕ್ಕಿ ಹೆಚ್ಚಿಸಿ ಎಳೆ ಸುತ್ತಿಸುತ್ತಾಳೆ, ಯಾವ ಎಳೆ ಯಾವ ಚುಕ್ಕಿಯನ್ನು ಬಳಸಬೇಕೆಂದು ಅವಳಿಗೆ ಗೊತ್ತು. ಸ್ಟಿಕ್ಕರ್ ಎಳೆದರೆ ಹರಿಯುತ್ತದೆ, ಅಷ್ಟೇ.

ರಸ್ತೆಯ ನಡುಗೆರೆಗೂ ಇಂಥ ಒಳಲೆಕ್ಕ ಇರುತ್ತದೆ. ನಾವು ರಸ್ತೆ ಡಿಸೈನ್ ಮಾಡುವ ಸಿವಿಲ್ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಗೆರೆಯ ಒಂದೊಂದು ತುಂಡಿಗೂ ಒಂದು ಸ್ವಭಾವ. ಫಿಕ್ಸೆಡ್ ಅಂದರೆ ಯಾರ ಹಂಗೂ ಇಲ್ಲದೆ ತನ್ನ ಪಾಡಿಗೆ ನಿಂತದ್ದು. ಫ್ಲೋಟಿಂಗ್ ಒಂದು ಬದಿಯ ಗೆರೆಗೆ ತಾಗಿಕೊಂಡದ್ದು. ಫ್ರೀ ಎರಡೂ ಬದಿಗೆ ತಾಗಿಕೊಂಡದ್ದು, ಪಕ್ಕದವರು ಜರುಗಿದರೆ ತಾನೂ ಜರುಗಿ ಹೊಂದಿಕೊಳ್ಳುತ್ತದೆ. ಹೊರಗಿನಿಂದ ತಂದ ಫೈಲಿನಲ್ಲಿ ಸಾಮಾನ್ಯವಾಗಿ ಆಕಾರ ಮಾತ್ರ ಬರುತ್ತದೆ, ಈ ನಂಟು ಬರುವುದಿಲ್ಲ. ಓಪನ್‌ರೋಡ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಈ ನಂಟನ್ನೇ ರೂಲ್ ಅನ್ನುತ್ತಾರೆ, ಆಮದು ಮಾಡುವಾಗಲೇ ರೂಲ್ ಹಾಕಿಕೊಡು ಅಂತ ಟಿಕ್ ಮಾಡುವ ಒಂದು ಡಬ್ಬಿಯೂ ಅಲ್ಲಿದೆ. ಅವಸರದಲ್ಲಿ ನಾವ್ಯಾರೂ ಅದನ್ನು ನೋಡುವುದಿಲ್ಲ.

ಇನ್ನೂ ಕೆಟ್ಟದ್ದು, ತಿರುವು ಸಣ್ಣಸಣ್ಣ ನೇರಗೆರೆಗಳಾಗಿ ಬರುವುದು. ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ರಸ್ತೆಗಳ ಮಾನದಂಡ ರೂಪಿಸುವ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ತಿರುವಿನ ತ್ರಿಜ್ಯ ಕನಿಷ್ಠ 230 ಮೀಟರ್. ಅದನ್ನು 10 ಮೀಟರ್ ತುಂಡು ಮಾಡಿದರೆ ಪ್ರತಿ ತುಂಡಿನ ನಡುವೆ ನಿಜವಾದ ತಿರುವಿನಿಂದ ಸುಮಾರು 5 ಸೆಂಟಿಮೀಟರ್ ತಪ್ಪುತ್ತೇವೆ. 20 ಮೀಟರ್ ತುಂಡಾದರೆ 22 ಸೆಂಟಿಮೀಟರ್. ತುಂಡಿನ ಉದ್ದ ಎರಡರಷ್ಟಾದರೆ ತಪ್ಪು ನಾಲ್ಕರಷ್ಟು. ಪರದೆ ಮೇಲೆ ಇದು ಕಣ್ಣಿಗೇ ಬೀಳುವುದಿಲ್ಲ.

ಮತ್ತೆ ನೇರದಿಂದ ತಿರುವಿಗೆ ಹೋಗುವಾಗ ನಡುವೆ ಇನ್ನೊಂದು ಗೆರೆ ಬೇಕು. ಧಾರವಾಡಕ್ಕೆ ಹೋಗುವಾಗ ಹೈವೇ ತಿರುವಿನಲ್ಲಿ ಸ್ಟೇರಿಂಗ್ ಮೇಲಿನ ನಿಮ್ಮ ಕೈ ಗಮನಿಸಿ. ತಿರುವು ಬಂತೆಂದು ಯಾರೂ ಸ್ಟೇರಿಂಗ್ ಅನ್ನು ಒಂದೇ ಏಟಿಗೆ ತಿರುಗಿಸುವುದಿಲ್ಲ, ಅಲ್ವಾ? ಮೆಲ್ಲಗೆ, ಒಂದೇ ಹದದಲ್ಲಿ ತಿರುಗಿಸುತ್ತಾ ಹೋದರೆ ಗಾಡಿ ನೆಲದ ಮೇಲೆ ಬರೆಯುವ ಗೆರೆಗೆ ಕ್ಲೋಥಾಯ್ಡ್ ಎಂದು ಹೆಸರು, ನಾವು ಬರೀ ಸ್ಪೈರಲ್ ಅನ್ನುತ್ತೇವೆ. ಮುಂದೆ ಹೋದಷ್ಟೂ ಬಾಗು ಸಮವಾಗಿ ಹೆಚ್ಚುತ್ತಾ ಹೋಗುವ ಗೆರೆ ಅದು. ರಸ್ತೆಯ ಹೊರಬದಿಯನ್ನು ನಿಧಾನಕ್ಕೆ ಎತ್ತರಿಸುವುದೂ ಇದರ ಉದ್ದಕ್ಕೇ. ಎಷ್ಟೋ ಡ್ರಾಯಿಂಗ್ ಸಾಫ್ಟ್‌ವೇರ್‌ಗಳಿಗೆ ಇಂಥ ಗೆರೆಯೇ ಗೊತ್ತಿಲ್ಲ, ಹಾಗಾಗಿ ಫೈಲು ಅವುಗಳ ಕೈ ದಾಟಿ ಬಂದಾಗ ಮೊದಲು ಪುಡಿಯಾಗುವುದು ಸ್ಪೈರಲ್ಲೇ.

ನಾನು ಮೊದಲು ತೇಪೆ ಹಾಕಲು ಹೋಗಿ ಅರ್ಧ ದಿನ ಕಳೆದೆ. ಒಂದು ಕಡೆ ಸೇರಿಸಿದರೆ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತಿತ್ತು. ಕೊನೆಗೆ ಬಂದ ಗೆರೆಯನ್ನು ಲಾಕ್ ಮಾಡಿ ಕೆಳಗೆ ಬಿಟ್ಟೆ. ಅದರ ಮೇಲೆ ಮೊದಲು ನೇರಗೆರೆಗಳು, ಆಮೇಲೆ ಅವುಗಳ ನಡುವೆ ಸ್ಪೈರಲ್ಲು, ತಿರುವು, ಸ್ಪೈರಲ್ಲು ಎಂದು ಹೊಸದಾಗಿಯೇ ಎಳೆದೆ. ನನ್ನ ಮಟ್ಟಿಗೆ ಇದೇ ಬೇಗ ಮುಗಿಯುವ ದಾರಿ. ಅಳೆದಾಗ ಒಂದು ತ್ರಿಜ್ಯ 229.87 ಎಂದು ಬಂತು. ಮೊದಲು ಡಿಸೈನ್ ಮಾಡಿದ ಪುಣ್ಯಾತ್ಮ 230 ಅಂತಲೇ ಹಾಕಿರುತ್ತಾನೆ, 229.87 ಅಂತ ಯಾರು ಹಾಕುತ್ತಾರೆ! ಅದನ್ನು 230 ಮಾಡಿದೆ. ಸಾಫ್ಟ್‌ವೇರ್ ತಾನಾಗಿ ಇದನ್ನು ಊಹಿಸುವುದಿಲ್ಲ.

ಆಮೇಲೆ ನೇರಗೆರೆಯನ್ನು ಎರಡು ಮೀಟರ್ ಎಳೆದೆ. ಎರಡೂ ಬದಿಯ ತಿರುವುಗಳು ಜೊತೆಗೇ ಬಂದವು. ಆಲದ ಮರ ಉಳಿಯಿತು.

ಆದರೆ ತಿರುವುಗಳು ಒಳಕ್ಕೆ ಸರಿದದ್ದರಿಂದ ರಸ್ತೆ ಸುಮಾರು ಒಂದೂವರೆ ಮೀಟರ್ ಗಿಡ್ಡವಾಗಿತ್ತು. ರಸ್ತೆ ಕೆಲಸದಲ್ಲಿ ಎಲ್ಲದರ ವಿಳಾಸವೂ ಚೈನೇಜ್, ಅಂದರೆ ಶುರುವಿನಿಂದ ಗೆರೆಗುಂಟ ಇರುವ ದೂರ. ಮರ ದಾಟಿದ ಮೇಲಿನ ಅಷ್ಟೂ ಮೋರಿಗಳು ನೆಲದ ಮೇಲೆ ಕದಲದೇ ಇದ್ದರೂ ಅವುಗಳ ವಿಳಾಸ ಬದಲಾಗಿತ್ತು. ಸರ್‌ಗೆ ಹೇಳಿದೆ. "ಪಟ್ಟಿ ಮತ್ತೆ ಮಾಡು, ಚಹಾ ತರಿಸ್ತೀನಿ" ಅಂದರು.