ರೈಫಲ್ ಸ್ಟಾಕ್‌ಗೆ ಬಣ್ಣ: ಬಳಿಯುವುದಕ್ಕಿಂತ ಒಣಗಿಸುವುದೇ ಪಾಠ

ಇಲ್ಲಿ ಹೇಳುತ್ತಿರುವುದು ಅಭ್ಯಾಸಕ್ಕೆ ಬಳಸುವ 4.5 ಮಿ.ಮೀ. ಏರ್ ರೈಫಲ್ ಬಗ್ಗೆ. ಭುಜಕ್ಕೆ ಕೊಟ್ಟು ಹಿಡಿಯುವ ಮರದ ಭಾಗವೇ ಸ್ಟಾಕ್. ಬಹಳಷ್ಟು ರೈಫಲ್‌ಗಳಲ್ಲಿ ಅದು ಬೀಚ್ ಮರದ್ದು. ಬಣ್ಣ ಹೊಡೆಯುವ ಕೆಲಸ ಅರ್ಧ ಗಂಟೆಯದ್ದು. ಉಜ್ಜುವುದು, ಕಾಯುವುದು ಸೇರಿದರೆ ವಾರ ಹಿಡಿಯುತ್ತದೆ.

ಒಳಗೆ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ನೋಡಿಕೊಂಡೇ ಸ್ಕ್ರೂಗೆ ಕೈ ಹಾಕಿ. ಮರ ಬಿಚ್ಚಿದ ಮೇಲೆ ಕಾಕ್ ಮಾಡಬೇಡಿ, ಅಂದರೆ ಸ್ಪ್ರಿಂಗ್ ಎಳೆದು ಸಜ್ಜು ಮಾಡಬೇಡಿ, ಟ್ರಿಗರ್ ಎಳೆಯಬೇಡಿ. ಮನೆಯಲ್ಲಿರುವುದು ಲೈಸೆನ್ಸ್ ಕೋವಿಯಾದರೆ ಕಬ್ಬಿಣದ ಮೇಲೆ ಸ್ಯಾಂಡ್ ಪೇಪರ್ ಆಡಿಸಲೇಬೇಡಿ. ಅದರ ನಂಬರ್ ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಹಳೇ ವಾರ್ನಿಶ್ ತೆಗೆಯಲು 120 ನಂಬರ್ ಪೇಪರ್, ಆಮೇಲೆ 220. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದ ಗೀರು ಬಣ್ಣದ ಕೆಳಗಿಂದಲೂ ಕಾಣುತ್ತದೆ. ನುಣುಪಾಯಿತು ಅನ್ನಿಸಿದಾಗ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ. ಆಮೇಲೆ ಮುಟ್ಟಿ ನೋಡಿದರೆ ಎರಡು ದಿನದ ಗಡ್ಡದ ಹಾಗೆ ಚುಚ್ಚುತ್ತದೆ. ಎಳೆಗಳು ನೀರು ಕುಡಿದು ಎದ್ದಿರುತ್ತವೆ, ಅಷ್ಟೇ. 320ರಲ್ಲಿ ಹಗುರವಾಗಿ ಕೆರೆದು ತೆಗೆಯಿರಿ. ಇದನ್ನು ಬಿಟ್ಟರೆ ಆ ಗಡ್ಡ ಬಣ್ಣದೊಳಗೇ ಏಳುತ್ತದೆ.

ಈಗ ಮುಖ್ಯ ವಿಷಯ. ಎಲ್ಲ ಬಣ್ಣವೂ ಒಂದೇ ರೀತಿ ಒಣಗುವುದಿಲ್ಲ. ಲ್ಯಾಕರ್‌ನಲ್ಲಿ ಥಿನ್ನರ್ ಕರ್ಪೂರದ ಹಾಗೆ ಹಾರಿಹೋದರೆ ಸಾಕು, ಪದರ ಗಟ್ಟಿಯಾಗುತ್ತದೆ. ಎನಾಮೆಲ್ ಹಾಗಲ್ಲ. ಅದರೊಳಗಿನ ಎಣ್ಣೆಯಂಥ ಅಂಶ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಮೊದಲ ಸಲ ನಾನು ಎನಾಮೆಲ್ ಹೊಡೆದು, ಮಾರನೇ ದಿನ ಹೊಳಪಿಗೆ ಅಂತ ಮೇಲೆ ಲ್ಯಾಕರ್ ಸ್ಪ್ರೇ ಹೊಡೆದೆ. ಲ್ಯಾಕರಿನ ಥಿನ್ನರ್ ಕೆಳಗಿನ ಹಸಿ ಪದರವನ್ನು ಉಬ್ಬಿಸಿತು. ಕಾಯಿಸಿದ ಹಾಲಿನ ಕೆನೆ ಹಾಗೆ ಸುಕ್ಕು! ಎಲ್ಲವನ್ನೂ ಕೆರೆದು ಮೊದಲಿಂದ ಶುರು ಮಾಡಬೇಕಾಯಿತು. ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಪದರ), ಬಣ್ಣ, ಹೊಳಪು ಮೂರೂ ಒಂದೇ ಜಾತಿಯದ್ದಾಗಿರಲಿ.

ನಮ್ಮ ಚಿತ್ರದುರ್ಗದಲ್ಲಿ ಇನ್ನೊಂದು ತೊಂದರೆ ಗಾಳಿ. ಜೋಗಿಮಟ್ಟಿ ಕಡೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ ಅಲ್ವಾ? ಆಷಾಢದಲ್ಲಿ ತಾರಸಿ ಮೇಲೆ ಸ್ಪ್ರೇ ಮಾಡಿದರೆ ಅರ್ಧ ಬಣ್ಣ ಪಕ್ಕದ ಮನೆ ಬಟ್ಟೆಗೆ, ಉಳಿದರ್ಧದ ಮೇಲೆ ಕೆಂಪು ಧೂಳು. ಹಾಗಂತ ಬಾಗಿಲು ಹಾಕಿಕೊಂಡು ಕೋಣೆಯೊಳಗೆ ಹೊಡೆಯಬೇಡಿ, ಆ ಹೊಗೆ ತಲೆಗೇರುತ್ತದೆ. ಹತ್ತಿರ ಒಲೆ, ಊದುಬತ್ತಿ ಏನೂ ಇರಬಾರದು. ನಾನು ಹಿತ್ತಲಿನ ಶೆಡ್ಡಿನಲ್ಲಿ ಎರಡೂ ಕಡೆ ತೆರೆದಿಟ್ಟು, ಬೆಳಿಗ್ಗೆ ಗಾಳಿ ಏಳುವ ಮೊದಲು ಹೊಡೆಯುತ್ತೇನೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಮಳೆ ದಿನ ಬೇಡವೇ ಬೇಡ. ಥಿನ್ನರ್ ಹಾರುವಾಗ ಮರದ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಲ್ಯಾಕರ್ ಬೆಳ್ಳಗಾಗುತ್ತದೆ.

ಸ್ಟಾಕನ್ನು ತಂತಿಯಲ್ಲಿ ನೇತುಹಾಕಿ, ಒಂದು ಗೇಣು ದೂರದಿಂದ ತೆಳ್ಳಗೆ ಮೂರು ಸಲ. ನಳಿಗೆ ಕೂರುವ ಒಳಗುಣಿಗೆ ಮಾಸ್ಕಿಂಗ್ ಟೇಪ್ ಹಚ್ಚಿರಿ. ಅಲ್ಲಿ ಬಣ್ಣದ ದಪ್ಪ ಸೇರಿದರೆ ಕಬ್ಬಿಣ ಸರಿಯಾಗಿ ಕೂರುವುದಿಲ್ಲ.

ಬಣ್ಣ ಬೇಡ, ಅಗಸೆ ಎಣ್ಣೆ ಸಾಕು ಅನ್ನುವವರು ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ.

ಜೋಡಿಸಿದ ಮೇಲೆ ಗುರಿ ಸ್ವಲ್ಪ ಸರಿದಿರಬಹುದು. ಐದಾರು ಪೆಲೆಟ್ ಕಾಗದಕ್ಕೆ ಹೊಡೆದು, ಗುರಿ ನೋಡುವ ಸೈಟ್‌ನ ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳಿ.